ಬಾಗಿಲ ಮುಂದಿನ ಸಡಿಲ ಕಲ್ಲು

"ಮೊದಲು ಇದನ್ನ ಕೀಳಿ," ಎಂದಳು ಸೊಸೆ. ಮೇಸ್ತ್ರಿ ಇನ್ನೂ ಟೇಪು ಬಿಚ್ಚಿರಲಿಲ್ಲ.

ಅಡುಗೆಮನೆಯ ಬಾಗಿಲ ಮುಂದಿನ ಚಪ್ಪಡಿ ಅದು. ಹಳೆಯ ಮನೆಯ ನೆಲವೆಲ್ಲ ಸವೆದಿದ್ದರೂ ಸದ್ದು ಮಾಡುತ್ತಿದ್ದುದು ಇದೊಂದೇ. ಕಾಲಿಟ್ಟರೆ ಟಕ್. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು, ಆದರೂ ಅತ್ತೆ ಸರಿಯಾಗಿ ಅದರ ಮೇಲೆಯೇ ಕಾಲಿಡುತ್ತಿದ್ದಳು. ಸೊಸೆ ಅಡುಗೆಮನೆಯೊಳಗೆ ಫೋನಿನಲ್ಲಿ ಗೆಳತಿಯ ಜೊತೆ ಮನಸ್ಸು ಹಗುರ ಮಾಡಿಕೊಳ್ಳುವಾಗಲೇ ಟಕ್. ಅವಳು ತಟಕ್ಕನೆ ಸೆಕೆಯ ಮಾತಿಗೆ ಹೊರಳಬೇಕು. ಮುದುಕಿಗೆ ಮಾಡಲು ಬೇರೆ ಕೆಲಸವಿಲ್ಲ. ಸೊಸೆ ಅವಳಿಗೆ ಪತ್ತೇದಾರಿ ಎಂದು ಹೆಸರಿಟ್ಟಿದ್ದಳು.

ನೆಲದ ಕೆಲಸಕ್ಕೆ ಮನೆ ಖಾಲಿಯಾಗಬೇಕು. ಆ ನೆಪದಲ್ಲಿ ಪತ್ತೇದಾರಿಯನ್ನು ಮಗಳ ಮನೆಗೆ ಸಾಗಹಾಕಿದರೆ ಮತ್ತೆ ಕರೆಸುವ ಮಾತೇ ಇಲ್ಲ. ಹೊಸ ನಕ್ಷೆಯಲ್ಲಿ ಅವಳ ಕೋಣೆಗೆ ಆಗಲೇ 'ಸ್ಟೋರ್ ರೂಮ್' ಎಂದು ಬರೆಸಿಯಾಗಿತ್ತು. ಗಂಡನೊಬ್ಬ ಹೂಂ ಅನ್ನಬೇಕಿತ್ತು. ಆ ಪುಣ್ಯಾತ್ಮ ಯಾವುದಕ್ಕೆ ತಾನೇ ಬೇಗ ಹೂಂ ಅಂದಿದ್ದ.

"ಇದೊಂದು ಕಲ್ಲು ಹಾಗೇ ಇರ್ಲಪ್ಪ," ಅತ್ತೆ ಮೇಸ್ತ್ರಿಗೆ ಹೇಳಿದಳು. "ಉಳಿದದ್ದು ನಿಮ್ಮಿಷ್ಟ."

ಸೊಸೆ ಮೂಗು ಮುರಿದಳು. "ಲಡಾಸು ಕಲ್ಲಿನ ಮೇಲೆ ಅದೇನು ಪ್ರೀತಿಯೋ. ಎತ್ರಿ ಮೇಸ್ತ್ರಿ."

ಮೇಸ್ತ್ರಿ ಹಾರೆ ತೂರಿಸಿ ಎತ್ತಿದ. ಕೆಳಗಿನ ಹಾಸು ಸಮತಟ್ಟಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಹುಣಸೆಬೀಜದಷ್ಟು ಕಲ್ಲುಚೂರು.

"ಇದು ತಾನಾಗಿ ಅಲ್ಲಾಡ್ತಿರ್ಲಿಲ್ಲಮ್ಮ," ಎಂದ ಮೇಸ್ತ್ರಿ. "ಯಾರೋ ಬೇಕಂತ್ಲೇ ಇಟ್ಟಿದ್ದಾರೆ."

ಸೊಸೆಗೆ ಹಾಲು ಕುಡಿದಷ್ಟು ಖುಷಿ. ಗಂಡನನ್ನು ಕೂಗಿ ಕರೆದಳು. "ನೋಡ್ರಿ ನಿಮ್ಮಮ್ಮನ ಘನಕಾರ್ಯ. ನಾನೆಲ್ಲಿ ಕಾಲಿಡ್ತೀನಿ, ಎಲ್ಲಿ ಬಿಡ್ತೀನಿ ಅಂತ ಕಾಯೋಕೆ ಕಲ್ಲು ಇಟ್ಟಿದ್ದಾರೆ. ಇಂಥವರ ಜೊತೆ ಹೇಗ್ರಿ ಸಂಸಾರ ಮಾಡೋದು?"

"ಹೌದಾ ಅಮ್ಮ?"

"ಇಡಿಸಿದ್ದು ನಾನೇ," ಎಂದಳು ಅತ್ತೆ.

ಮಗ ತಲೆ ತಗ್ಗಿಸಿದ. ಅಕ್ಕನಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದ. ಸೊಸೆಯ ಮುಖ ಅರಳಿತು.

"ನಾನು ನಡೆದ್ರೆ ಸದ್ದೇ ಆಗಲ್ಲ ಕಣಮ್ಮ," ಅತ್ತೆ ಸೊಸೆಗೆ ಹೇಳಿದಳು. "ನೀನು ಬಂದ ಹೊಸದ್ರಲ್ಲಿ ಒಂದಿನ ಹಾಗೇ ಬಂದು, ಫೋನಲ್ಲಿ ನನ್ನ ಬಗ್ಗೆ ಆಡ್ತಿದ್ದದ್ದೆಲ್ಲ ಕೇಳಿಸ್ಕೊಂಡ್ಬಿಟ್ಟೆ, ಇನ್ಮೇಲೆ ನಾನು ಬರೋದು ನಿಂಗೆ ಮೊದ್ಲೇ ಗೊತ್ತಾಗ್ಲಿ ಅಂತ ಇಡಿಸಿದೆ."