ಅರವತ್ತೇಳನೆಯ ನಂಬರು

ತೃಷಾ ಹಾಜರಿ ಪುಸ್ತಕವನ್ನು ಕೊನೆಯ ಪುಟದಿಂದ ಏಕೆ ತೆರೆದಳೆಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪ್ರೊಫೆಸರ್ ನಳಿನಾಕ್ಷಿಗೆ ತಿಳಿಯಲಿಲ್ಲ. ಮುಂಬಯಿ ಪಕ್ಕದ ಠಾಣೆಯ ಇದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗಿ. "ಕಂಪೆನಿ ಕೆಲಸ ಬಿಡು ಮಾರಾಯ್ತಿ, ಪಾಠ ಮಾಡ್ಲಿಕ್ಕೆ ಬಾ," ಎಂದು ಬೆನ್ನುಬಿದ್ದು ಕರೆತಂದವರು ಅವರೇ. ಇಂದು ಅವಳ ಮೊದಲ ತರಗತಿ.

"ರೋಲ್ ನಂಬರ್ ಅರವತ್ತೇಳು."

ತೃಷಾ ಕಾದಳು.

ಮೀಸಲಾತಿಯಲ್ಲಿ ಸೀಟು ಸಿಕ್ಕವರ ಹೆಸರು ಇಲ್ಲಿ ಪಟ್ಟಿಯ ಬಾಲಕ್ಕೇ ಬೀಳುತ್ತಿತ್ತು. ಓದುವಾಗ ತೃಷಾಳದ್ದೂ ಅದೇ ನಂಬರು. ಅದನ್ನು ಕೂಗುವ ಹೊತ್ತಿಗೆ ತಾವು ಪ್ರತಿದಿನವೂ ಬೋರ್ಡಿನತ್ತ ತಿರುಗಿಬಿಟ್ಟಿರುತ್ತಿದ್ದುದು ನಳಿನಾಕ್ಷಿಗೆ ಈಗ ನೆನಪಾಯಿತು.

ಅವರ ಪಕ್ಕದಲ್ಲಿ, ಹಾಜರಿ ತನ್ನಿಂದ ಶುರುವಾದೀತೆಂದು ಎಣಿಸದೆ ಇನ್ನೂ ಬ್ಯಾಗಿನ ಜಿಪ್ ಎಳೆಯುತ್ತಿದ್ದ ಹುಡುಗಿ ದಡಬಡಿಸಿ ಎದ್ದು ನಿಂತಳು.

"ಪ್ರೆಸೆಂಟ್, ಮ್ಯಾಮ್... ಆಜ್ ಮೇರೇಸೇ ಶುರೂ?"