ದೊಡ್ಡಮ್ಮನ ತಂಬಿಗೆ

ಒದ್ದೆ ಬಟ್ಟೆಗೆ ಪೆಟ್ರೋಲು ತಾಗಿದ ವಾಸನೆ ಬಂದರೆ ಈಗಲೂ ನನ್ನ ಮಡಿಲು ಭಾರವಾಗುತ್ತದೆ.

ಆ ಮಧ್ಯಾಹ್ನ ಸಾಸಲಿನ ಏರುದಾರಿಯಲ್ಲಿ ನಮ್ಮ ಬಸ್ಸು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಡ್ರೈವರ್ ಮುಂದಿನ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ ಹತ್ತಲಿಲ್ಲ.

"ಗಂಡ ಸತ್ತೋಳು ಮುಂದ್ಗಡೆನೇ ಕುಂತವ್ಳೆ, ಇನ್ನೆಂಗೆ ಹೊಂಟಾತು?" ಎಂದರು ಯಾರೋ ಹಿಂದಿನಿಂದ. ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ ನೀರಿನ ತಂಬಿಗೆ ಹಿಡಿದು ಇಳಿದಳು.

"ಪೈಪು ಕಾದು ಪೆಟ್ರೋಲು ಆವಿಯಾಗ್ತೈತೆ. ನೀರಿದ್ರೆ ಕೊಡ್ರಪ್ಪಾ" ಎಂದು ಡ್ರೈವರ್ ಕೂಗಿದಾಗ ತನ್ನ ತಂಬಿಗೆ ಕೊಟ್ಟವಳೂ ಅವಳೇ. ಪೈಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಎಂಜಿನ್ ಹತ್ತಿಕೊಂಡಿತು.

"ನೋಡಿದ್ರಾ? ಆಯಮ್ಮ ಇಳಿದ್ಲು, ಬಸ್ಸು ಹೊಂಟ್ತು!" ಎಂದಿತು ಹಿಂದಿನ ಅದೇ ದನಿ.

ಡ್ರೈವರ್ ಬರಿದಾದ ತಂಬಿಗೆಯನ್ನು ನನ್ನ ಮಡಿಲಲ್ಲಿಟ್ಟ. "ದೊಡ್ಡಮ್ಮ ಇನ್ನೂ ಹತ್ತಿಲ್ಲ" ಎಂದೆ.

"ಸುಮ್ಕಿರು" ಎಂದಳು ಇನ್ನೊಂದು ಪಕ್ಕದಲ್ಲಿದ್ದ ಅವ್ವ.

ನಾನು ತಂಬಿಗೆ ಹಿಡಿದು ಕುಳಿತೆ; ಅವಳನ್ನು ಬಿಟ್ಟೇ ಬಸ್ಸು ಹೊರಟಿತು. ಹಿಂದೆ ಧೂಳಿನಲ್ಲಿ ದೊಡ್ಡಮ್ಮ ನಡೆದು ಬರುತ್ತಿದ್ದಳು, ಬರಿಗೈಯಲ್ಲಿ.