ನಗಿಸಿ ತೆಗೆದ ಫೋಟೊ

ಕೊಳ್ಳೇಗಾಲದ ಬೀದಿಗಳಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಬಂದರೆ ಇಂದಿಗೂ ನನ್ನ ಕೈ ಯಾರನ್ನೋ ಹಿಡಿಯುವಂತೆ ತಾನಾಗಿ ಮುಂದೆ ಚಾಚಿಕೊಳ್ಳುತ್ತದೆ.

ಆ ಮಧ್ಯಾಹ್ನ ಸೋದರಮಾವ ಹೊಸ ಕ್ಯಾಮೆರಾ ತಂದಿದ್ದ. ಎರಡು ವರ್ಷದ ನನ್ನ ತಮ್ಮನಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು ಅಂಗಳದಲ್ಲಿ ನಿಲ್ಲಿಸಿದರು. ಮಾವ "ನಗ್ಲಾ, ನಗ್ಲಾ" ಅಂದಷ್ಟೂ ಅವನು ತುಟಿ ಬಿಗಿದ.

"ನಗು ಅಂದ್ರೆ ಯಾವ ಮಗಿನೂ ನಗಕಿಲ್ಲ ಕಣ್ಲಾ, ಆಟ ಆಡುಸ್ಬೇಕು," ಎಂದು ಅಜ್ಜಿ ಮಾವನನ್ನು ಗೇಲಿ ಮಾಡಿದಳು.

ಮಾವ ಜಗಲಿಯ ಕಂಬದ ಹಿಂದೆ ಅಡಗಿ, ಇಣುಕಿ, "ಕೂ" ಎಂದ. ತಮ್ಮ ಕಿಲಕಿಲನೆ ನಕ್ಕ. ಫೋಟೊ ತೆಗೆದ ಮಾವ ಮತ್ತೆ ಅಡಗಿದ. ತಮ್ಮ ನಗುತ್ತಲೇ ಅವನನ್ನು ಹುಡುಕಿಕೊಂಡು ಓಡಿದ. ನಡುವೆ ನೆಲಮಟ್ಟದ ಒಲೆಯ ಮೇಲೆ, ನೂಲು ತೆಗೆಯಲು ಗೂಡು ಕುದಿಯುತ್ತಿದ್ದ ಅಗಲವಾದ ಬಾಂಡಲೆಯಿತ್ತು. ಅವನ ಅಂಗಿಯ ತುದಿ ನನ್ನ ಬೆರಳಿಗೆ ಸಿಕ್ಕಿತು, ಜಾರಿತು.

ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ.

ಮುಂದಿನ ವರ್ಷ ಸ್ಕೂಲಿಗೆ ನನ್ನದೊಂದು ಫೋಟೊ ಬೇಕಾಯಿತು. ಸ್ಟುಡಿಯೋದವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಯಾಮೆರಾದ ಹಿಂದಿನಿಂದ ಕೋತಿಯಂತೆ ಮುಖ ಮಾಡಿದರು. ನನಗೆ ನಗು ಬಂತು. ಅವ್ವ ಓಡಿ ಬಂದು ನನ್ನನ್ನು ತಬ್ಬಿಕೊಂಡಳು.

"ಬ್ಯಾಡ ಸಾ," ಎಂದಳು. "ನನ್ ಮಗ್ಳ ನಗುಸ್ಬ್ಯಾಡಿ. ಇಂಗೇ ತೆಗೀರಿ."